ಟೈಮಿಂಗ್ ಬೆಲ್ಟ್: ಮನೆಯಂಗಳದಲ್ಲಿ ಬದಲಿಸುವ ಬಗೆ

ಕಾರಿನ ಎಂಜಿನ್ನಿನೊಳಗೆ ಎರಡು ಶಾಫ್ಟುಗಳು ಸದಾ ಒಂದೇ ಲೆಕ್ಕಕ್ಕೆ ಕಟ್ಟುಬಿದ್ದು ತಿರುಗುತ್ತವೆ. ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ತಳದಲ್ಲಿದ್ದರೆ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಮೇಲೆ ಸಿಲಿಂಡರ್ ಹೆಡ್ಡಿನಲ್ಲಿ ಕೂತಿರುತ್ತದೆ. ಹೀರುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರದಬ್ಬುವುದು ಎಂಬ ನಾಲ್ಕು ಹಂತಗಳು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಹಾಕಬೇಕು. ಅಷ್ಟರಲ್ಲಿ ಪ್ರತಿ ವಾಲ್ವೂ ಒಂದೇ ಒಂದು ಸಲ ತೆರೆಯಬೇಕು. ಆದ್ದರಿಂದ ಕ್ಯಾಮ್ ಪುಲ್ಲಿಗೆ ಕ್ರ್ಯಾಂಕ್ ಪುಲ್ಲಿಯ ಎರಡರಷ್ಟು ಹಲ್ಲು. ಈ ಎರಡು ಪುಲ್ಲಿಗಳನ್ನು ಬಳಸಿ ಹೋಗುವ, ಒಳಮೈಯಲ್ಲಿ ಹಲ್ಲುಗಳಿರುವ, ಹೆಬ್ಬೆರಳಗಲದ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅಷ್ಟೂ ಸಲ ಅದನ್ನು ಸರಿಯಾದ ಕ್ಷಣಕ್ಕೆ ತೆರೆಸುವ ಹೊಣೆ ಈ ಪಟ್ಟಿಯದು.

ಬಾನೆಟ್ ಎತ್ತಿದ ಕೂಡಲೇ ಕಾಣುವ ಫ್ಯಾನ್ ಬೆಲ್ಟ್ ಬೇರೆ, ಇದು ಬೇರೆ. ಫ್ಯಾನ್ ಬೆಲ್ಟ್ ಸ್ವಲ್ಪ ಜಾರಿದರೆ ಕಿರುಗುಟ್ಟುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಅಷ್ಟೆ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದರೂ ಮೇಲಿನ ಮತ್ತು ಕೆಳಗಿನ ಶಾಫ್ಟುಗಳ ಲೆಕ್ಕ ತಪ್ಪುತ್ತದೆ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪೆಂದರೆ 18 ಡಿಗ್ರಿ ತಪ್ಪು. ಎಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಪುಲ್ಲಿಂಗ್ ಇರುವುದಿಲ್ಲ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಮೈಲೇಜ್ ಬೀಳುತ್ತದೆ. ಎರಡು ಮೂರು ಹಲ್ಲು ತಪ್ಪಿದರೆ ಸ್ಟಾರ್ಟ್ ಆಗುವುದೂ ಕಷ್ಟ.

ಬೆಲ್ಟ್ ಪೂರ್ತಿ ಹರಿದರೆ ಏನಾಗುತ್ತದೆ ಎನ್ನುವುದು ಎಂಜಿನ್ನಿನ ರಚನೆಯ ಮೇಲೆ ನಿಂತಿದೆ. ಕ್ಯಾಮ್ ನಿಂತಲ್ಲೇ ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ, ಓಡುತ್ತಿರುವ ಗಾಡಿಯ ವೇಗಕ್ಕೆ ಪಿಸ್ಟನ್ನುಗಳು ಮಾತ್ರ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ. ತೆರೆದ ವಾಲ್ವಿಗೂ ಮೇಲೇರಿದ ಪಿಸ್ಟನ್ನಿಗೂ ನಡುವೆ ಜಾಗವಿದ್ದರೆ ಗಾಡಿ ಸುಮ್ಮನೆ ನಿಲ್ಲುತ್ತದೆ. ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಜಾಗವಿಲ್ಲದಿದ್ದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ವಾಲ್ವುಗಳು ಬೆಂಡಾಗುತ್ತವೆ, ಕೆಲವೊಮ್ಮೆ ಗೈಡುಗಳು ಒಡೆಯುತ್ತವೆ, ಪಿಸ್ಟನ್ ತಲೆಗೂ ಪೆಟ್ಟು ಬೀಳುತ್ತದೆ. ಆಮೇಲೆ ಹೆಡ್ ಇಳಿಸದೆ ಬೇರೆ ದಾರಿಯಿಲ್ಲ. ಒತ್ತಡ ಹೆಚ್ಚಿರಬೇಕಾದ ಡೀಸೆಲ್ ಎಂಜಿನ್ನುಗಳು ಹೆಚ್ಚುಕಡಿಮೆ ಎಲ್ಲವೂ ಈ ಎರಡನೆಯ ಗುಂಪಿನವು. ಪೆಟ್ರೋಲ್ ಗಾಡಿಗಳಲ್ಲಿ ಎರಡೂ ಬಗೆಯವಿವೆ. ಗಾಡಿ ಯಾವ ಬಗೆಯದು ಎಂಬುದನ್ನು ತಿಳಿಯದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು. ಬೆಲ್ಟ್ ಹರಿದಾಗ ಆಗುವ ಹಾನಿಯೇ ಬೆಲ್ಟನ್ನು ತಪ್ಪಾಗಿ ಕೂರಿಸಿದಾಗಲೂ ಆಗುತ್ತದೆ.

ಮೊದಲು ಟೈಮಿಂಗ್ ಬೆಲ್ಟಿನ ಕೆಲಸವನ್ನು ಚೈನು ಅಥವಾ ಗೇರುಗಳು ಮಾಡುತ್ತಿದ್ದವು. ಜರ್ಮನಿಯ ಬವೇರಿಯಾದ ಡಿಂಗೊಲ್ಫಿಂಗ್‌ನಲ್ಲಿದ್ದ ಗ್ಲಾಸ್ ಎಂಬ ಸಣ್ಣ ಕಂಪನಿ 1962ರಲ್ಲಿ ತನ್ನ 1004 ಮಾದರಿಯ ಕಾರಿಗೆ ಹಲ್ಲಿನ ರಬ್ಬರ್ ಬೆಲ್ಟ್ ಹಾಕಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರೊಂದರಲ್ಲಿ ಇಂಥ ಬೆಲ್ಟ್ ಬಂದದ್ದು ಆಗಲೇ ಮೊದಲು. 1966ರ ಹೊತ್ತಿಗೆ ಅಮೆರಿಕದ ಪಾಂಟಿಯಾಕ್, ಇಟಲಿಯ ಫಿಯಟ್ ಇದೇ ದಾರಿ ಹಿಡಿದವು. ಬೆಲ್ಟ್ ಹಗುರ, ಅಗ್ಗ, ಸದ್ದಿಲ್ಲದ್ದು, ಎಣ್ಣೆ ಬೇಡದ್ದು. ಭಾರತದಲ್ಲಿ ಮಾರುತಿ 800, ಜೆನ್, ಎಸ್ಟೀಮ್, ಜಿಪ್ಸಿ, ಹಳೆಯ ಸ್ಯಾಂಟ್ರೊ, ಟಾಟಾ ಇಂಡಿಕಾ ಡೀಸೆಲ್, ಮೊದಲ ತಲೆಮಾರಿನ ಹೋಂಡಾ ಸಿಟಿ, ರೆನೊ ಡಸ್ಟರ್ ಡೀಸೆಲ್ ಎಲ್ಲವೂ ಬೆಲ್ಟಿನ ಗಾಡಿಗಳೇ. ಬಿಡದಿಯಲ್ಲಿ ತಯಾರಾಗಿ ಕರ್ನಾಟಕದ ಟ್ಯಾಕ್ಸಿ ಸ್ಟ್ಯಾಂಡುಗಳನ್ನೆಲ್ಲ ತುಂಬಿದ ಹಳೆಯ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ನಿಗೂ ಬೆಲ್ಟೇ. ಅದರ ನಂತರ ಬಂದ ಕ್ರಿಸ್ಟಾಕ್ಕೆ ಚೈನು. ಈಚಿನ ಬಹಳಷ್ಟು ಸಣ್ಣ ಕಾರುಗಳೂ ಚೈನಿಗೆ ಮರಳಿವೆ. ಹಾಗಾಗಿ ಬೆಲ್ಟ್ ಬದಲಿಸುವ ಕೆಲಸ ಇಂದು ಹೆಚ್ಚಾಗಿ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರ ಪಾಲಿಗೆ ಬಂದಿದೆ.

ಬೆಲ್ಟಿಗೆ ಬಲ ಕೊಡುವುದು ರಬ್ಬರ್ ಅಲ್ಲ, ರಬ್ಬರಿನೊಳಗೆ ಉದ್ದಕ್ಕೂ ಓಡುವ ಗಾಜಿನ ನಾರಿನ ಹುರಿಗಳು. ಆ ಹುರಿಗಳು ಹಿಗ್ಗುವುದಿಲ್ಲ, ಹಾಗಾಗಿಯೇ ಲೆಕ್ಕ ತಪ್ಪುವುದಿಲ್ಲ. ಆದರೆ ಗಾಜಿನ ನಾರು ಮಡಿಕೆಯನ್ನು ತಾಳದು. ಹಲ್ಲುಗಳ ಮೇಲೆ ಸವೆತ ತಡೆಯಲು ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ. ಬಿಸಿ, ಎಣ್ಣೆ, ಕೂಲೆಂಟ್, ಧೂಳು ಮತ್ತು ವಯಸ್ಸು ಇದರ ಶತ್ರುಗಳು. ಕೆಟ್ಟ ಸಂಗತಿಯೆಂದರೆ, ಹರಿಯುವ ಮುಂಚೆ ಬೆಲ್ಟ್ ಸದ್ದು ಮಾಡಿ ಎಚ್ಚರಿಸುವುದು ಅಪರೂಪ. ಬಿರುಕು, ಅಂಚಿನಲ್ಲಿ ಬಿಚ್ಚಿದ ದಾರ, ಹೊಳಪೇರಿದ ಬೆನ್ನು, ಬುಡದಲ್ಲಿ ಸೀಳಿದ ಹಲ್ಲು ಕಂಡರೆ ಅದು ಮುಗಿದ ಬೆಲ್ಟ್. ಏನೂ ಕಾಣದಿದ್ದ ಮಾತ್ರಕ್ಕೆ ಚೆನ್ನಾಗಿದೆ ಎಂದು ಅರ್ಥವಲ್ಲ. ಒಳಗಿನ ಹುರಿಯ ಬಳಲಿಕೆ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ತಯಾರಕರು ಕಿಲೋಮೀಟರ್ ಮತ್ತು ವರ್ಷ ಎರಡನ್ನೂ ಗಡುವಾಗಿ ಹೇಳುತ್ತಾರೆ. ಎಂಜಿನ್ನಿಗೆ ತಕ್ಕಂತೆ 60,000 ಕಿಲೋಮೀಟರಿನಿಂದ ಒಂದು ಲಕ್ಷ, ಕೆಲವದರಲ್ಲಿ ಅದಕ್ಕೂ ಹೆಚ್ಚು. ಇದರಲ್ಲಿ ಗಾಡಿಯ ಜತೆ ಬಂದ ಪುಸ್ತಕದ ಮಾತೇ ಕೊನೆಯದು. ಹಳೆಯ ಇನ್ನೋವಾದಲ್ಲಿ ಗಡುವು ಮುಗಿದಾಗ ಮೀಟರಿನಲ್ಲಿ ಟಿ-ಬೆಲ್ಟ್ ಎಂಬ ದೀಪವೇ ಹತ್ತಿಕೊಳ್ಳುತ್ತದೆ. ಆದರೆ ಬೆಂಗಳೂರಿನಂಥ ಊರಿನ ಟ್ರಾಫಿಕ್ಕಿನಲ್ಲಿ ಕಿಲೋಮೀಟರಿನ ಲೆಕ್ಕ ಪೂರ್ತಿ ನಂಬುವಂಥದ್ದಲ್ಲ. ಗಂಟೆಗೆ 40 ಕಿಲೋಮೀಟರಿನ ಸರಾಸರಿಯಲ್ಲಿ ಒಂದು ಲಕ್ಷ ಓಡಿದ ಎಂಜಿನ್ 2500 ಗಂಟೆ ತಿರುಗಿರುತ್ತದೆ. ನಿಮಿಷಕ್ಕೆ 2000 ಸುತ್ತೆಂದರೂ 30 ಕೋಟಿ ಸುತ್ತು. ಸರಾಸರಿ 20ಕ್ಕೆ ಇಳಿದರೆ ಅದೇ ದೂರಕ್ಕೆ ಗಂಟೆಗಳು ಎರಡರಷ್ಟಾಗುತ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಮೀಟರ್ ಓಡುವುದಿಲ್ಲ, ಬೆಲ್ಟ್ ಓಡುತ್ತಲೇ ಇರುತ್ತದೆ. ಊರೊಳಗೇ ಓಡುವ ಗಾಡಿಗೆ ಗಡುವನ್ನು ಮುಂಚೆಯೇ ಮುಗಿಸುವುದು ವಿವೇಕ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗ ಬೆಲ್ಟ್ ಬದಲಿಸಿದ ದಾಖಲೆ ಸಿಗದಿದ್ದರೆ, ಬದಲಿಸಿಲ್ಲ ಎಂದೇ ತಿಳಿಯಬೇಕು.

ಎಲ್ಲ ಗಾಡಿಯ ಬೆಲ್ಟೂ ಮನೆಯಲ್ಲಿ ಬದಲಿಸುವಂಥದ್ದಲ್ಲ. ಡಸ್ಟರಿನ ಡೀಸೆಲ್ ಎಂಜಿನ್, ಫೋಕ್ಸ್‌ವ್ಯಾಗನ್ನಿನ ಟಿಡಿಐ ಮುಂತಾದವಕ್ಕೆ ಶಾಫ್ಟುಗಳನ್ನು ಅಲುಗದಂತೆ ಹಿಡಿದಿಡುವ ಲಾಕಿಂಗ್ ಪಿನ್ನುಗಳು ಬೇಕು. ಅವಿಲ್ಲದೆ ಅಂದಾಜಿನ ಮೇಲೆ ಕೂರಿಸುವುದು ದುಬಾರಿಯಾಗಬಹುದು. ಇಕೋಸ್ಪೋರ್ಟಿನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನ ಬೆಲ್ಟ್ ಎಂಜಿನ್ ಆಯಿಲಿನಲ್ಲೇ ನೆನೆದು ಓಡುವಂಥದ್ದು, ಅದಂತೂ ಅಂಗಳದ ಕೆಲಸವೇ ಅಲ್ಲ. ಎಂಜಿನ್ ಅಡ್ಡಲಾಗಿ ಕೂತಿರುವ ಮುಂಚಕ್ರ ಚಾಲನೆಯ ಬಹುತೇಕ ಕಾರುಗಳಲ್ಲಿ ಬೆಲ್ಟಿನ ಬದಿಯ ಎಂಜಿನ್ ಮೌಂಟನ್ನೇ ಬಿಚ್ಚಿ, ಕೆಳಗಿನಿಂದ ಮರದ ತುಂಡಿಟ್ಟು ಜಾಕಿನಲ್ಲಿ ಎಂಜಿನ್ ಹೊರಬೇಕಾಗುತ್ತದೆ. ಮೊದಲ ಸಲ ಮಾಡುವವರಿಗೆ ಎಂಜಿನ್ ಉದ್ದಕ್ಕೆ ಕೂತಿರುವ ಗಾಡಿಯೇ ಲೇಸು. ಅದಕ್ಕೆ ಒಳ್ಳೆಯ ಉದಾಹರಣೆ, ಕೊಡಗು–ಚಿಕ್ಕಮಗಳೂರಿನ ಎಸ್ಟೇಟುಗಳಲ್ಲಿ ಇಂದಿಗೂ ಕಾಣಸಿಗುವ ಮಾರುತಿ ಜಿಪ್ಸಿ ಕಿಂಗ್. 1996ರಲ್ಲಿ ಬಂದ ಇದರ 1.3 ಲೀಟರ್, ಎಂಟು ವಾಲ್ವಿನ ಕಾರ್ಬುರೇಟರ್ ಎಂಜಿನ್ನಿನಲ್ಲಿ ಬೆಲ್ಟ್ ರೇಡಿಯೇಟರಿನ ಹಿಂದೆ ನೇರ ಎದುರಿಗೇ ಸಿಗುತ್ತದೆ. ಬೆಲ್ಟ್ ಹರಿದರೂ ಇದರ ವಾಲ್ವಿಗೆ ಪಿಸ್ಟನ್ ತಾಗುವುದಿಲ್ಲ ಎಂಬುದು ಕಲಿಯುವವರಿಗೆ ಸಿಕ್ಕ ದೊಡ್ಡ ರಿಯಾಯಿತಿ. ಮುಂದಿನ ವಿವರಗಳು ಈ ಎಂಜಿನ್ನಿನವು.

ಬೆಲ್ಟನ್ನು ಒಂದನ್ನೇ ತರುವುದು ಅರ್ಧ ಕೆಲಸ. ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಬೇರಿಂಗ್ ಕೂಡ ಅಷ್ಟೇ ಹೊತ್ತು ತಿರುಗಿರುತ್ತದೆ. ಅದು ಜಾಮ್ ಆದರೆ ಹೊಸ ಬೆಲ್ಟೂ ಸುಟ್ಟು ಹರಿಯುತ್ತದೆ. ಟೆನ್ಷನರ್ ಸ್ಪ್ರಿಂಗ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂಭಾಗದ ಆಯಿಲ್ ಸೀಲುಗಳನ್ನೂ ಜತೆಗೇ ತರಬೇಕು. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಫ್ಯಾನ್ ಬೆಲ್ಟೇ ಆದರೂ, ಪಂಪ್ ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ಪಂಪಿನ ಶಾಫ್ಟ್ ಅಲುಗುತ್ತಿದ್ದರೆ ಅಥವಾ ನೀರು ಜಿನುಗಿದ ಕಲೆ ಇದ್ದರೆ ಈಗಲೇ ಬದಲಿಸುವುದು ಲಾಭ. ನಕಲಿ ಬಿಡಿಭಾಗಗಳ ಹಾವಳಿ ಇರುವುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಳ್ಳಲಿ, ಊರಿನ ಅಂಗಡಿಯಲ್ಲೇ ಕೊಳ್ಳಲಿ, ಬಿಲ್ಲು ಕೇಳಿ ಪಡೆಯಬೇಕು. ಹಳೆಯದು ಕೈಗೆ ಬಂದ ಮೇಲೆ ಹೊಸದರ ಪಕ್ಕದಲ್ಲಿಟ್ಟು ಹಲ್ಲುಗಳ ಸಂಖ್ಯೆ, ಅಗಲ, ಹಲ್ಲಿನ ಆಕಾರ ಮೂರನ್ನೂ ತಾಳೆ ನೋಡಬೇಕು. ಹೊಸ ಬೆಲ್ಟನ್ನು ಹಾಕುವವರೆಗೂ ಪೆಟ್ಟಿಗೆಯಲ್ಲೇ ಇಟ್ಟಿರಬೇಕು. ಮಡಿಚುವುದು, ಒಳಗು ಹೊರಗು ಮಾಡುವುದು, ಮೊಳೆಗೆ ನೇತುಹಾಕುವುದು ಬೇಡ. ಆಯಿಲ್ ಮೆತ್ತಿದ ಕೈಯಲ್ಲಿ ಅದನ್ನು ಮುಟ್ಟಲೂಬಾರದು.

ಸಲಕರಣೆಗಳು ಹೆಚ್ಚೇನಿಲ್ಲ. ಸಾಕೆಟ್ ಸೆಟ್, ಸ್ಪ್ಯಾನರುಗಳು, ಫೀಲರ್ ಗೇಜ್, ಟೈಮಿಂಗ್ ಲೈಟ್, ಬಿಳಿ ಪೇಂಟ್ ಮತ್ತು ಟಾರ್ಕ್ ರೆಂಚ್ ಇದ್ದರೆ ಆಯಿತು. ಕಡೆಯದನ್ನು ಸಾಲ ತಂದಾದರೂ ಇಟ್ಟುಕೊಳ್ಳಬೇಕು, ಅಲ್ಯೂಮಿನಿಯಂ ಮೈಯಲ್ಲಿ ಕೈಯಂದಾಜಿನ ಬಿಗಿತ ಬೋಲ್ಟ್ ಕೂರುವ ಥ್ರೆಡ್ಡನ್ನೇ ಕಿತ್ತುಹಾಕುತ್ತದೆ. ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು, ಎಂಜಿನ್ ಪೂರ್ತಿ ಆರಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು. ಪಂಪ್ ಬದಲಿಸುವುದಿದ್ದರೆ ಮೊದಲೇ ಕೂಲೆಂಟ್ ಇಳಿಸಬೇಕಾಗುತ್ತದೆ. ಸಿಹಿಯಾದ ಆ ನೀರು ವಿಷ, ನಾಯಿ–ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಬೇಕು.

ಬಿಚ್ಚುವ ಕೆಲಸ ಸುಲಭ. ಫ್ಯಾನಿನ ಸುತ್ತಲಿನ ಶ್ರೌಡ್, ಫ್ಯಾನ್, ಫ್ಯಾನ್ ಬೆಲ್ಟ್, ವಾಟರ್ ಪಂಪ್ ಪುಲ್ಲಿ ಒಂದಾದ ಮೇಲೊಂದು ಬರುತ್ತವೆ. ರೇಡಿಯೇಟರಿನ ಬಲೆಗೆ ಸ್ಪ್ಯಾನರ್ ತಗಲದಂತೆ ಒಂದು ರಟ್ಟನ್ನು ಅಡ್ಡ ಇಟ್ಟುಕೊಳ್ಳುವುದು ಒಳ್ಳೆಯದು. ಕ್ರ್ಯಾಂಕಿನ ದೊಡ್ಡ ಪುಲ್ಲಿಯನ್ನು ಹಿಡಿದಿರುವುದು ಅದರ ಮುಖದ ಮೇಲಿನ ಸಣ್ಣ ಬೋಲ್ಟುಗಳು. ನಟ್ಟನಡುವಿನ ದಪ್ಪ ಬೋಲ್ಟನ್ನು ಬೆಲ್ಟಿಗಾಗಿ ಸಡಿಲಿಸಬೇಕಾಗಿಲ್ಲ. ಕ್ರ್ಯಾಂಕ್ ಸೀಲ್ ಬದಲಿಸುವುದಿದ್ದರೆ ಮಾತ್ರ ಅದರ ಪಾಳಿ. ಕೊನೆಗೆ ಬೆಲ್ಟಿನ ಹೊರಮುಚ್ಚಳ ತೆಗೆದರೆ ಬೆಲ್ಟ್, ಎರಡು ಹಲ್ಲಿನ ಪುಲ್ಲಿಗಳು, ಟೆನ್ಷನರ್ ಎಲ್ಲ ಕಣ್ಣೆದುರು ನಿಲ್ಲುತ್ತವೆ. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕಿಟ್ಟರೆ ಕೂಡಿಸುವಾಗ ಹುಡುಕಾಟವಿಲ್ಲ.

ಇನ್ನು ಮುಂದಿನದೇ ಈ ಕೆಲಸದ ಜೀವಾಳ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ತೂತುಗಳಿಗೆ ಬಟ್ಟೆ ಮುಚ್ಚಿದರೆ ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಕ್ರ್ಯಾಂಕಿನ ನಡುವಿನ ಬೋಲ್ಟಿಗೆ ಸಾಕೆಟ್ ಹಾಕಿ, ಎದುರು ನಿಂತು ನೋಡುವವರಿಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಬೇಕು. ಅದು ಎಂಜಿನ್ ಓಡುವ ದಿಕ್ಕೂ ಹೌದು, ಬೋಲ್ಟ್ ಬಿಗಿಯಾಗುವ ದಿಕ್ಕೂ ಹೌದು. ಹೋಂಡಾದ ಹಳೆಯ ಡಿ ಸರಣಿಯಂಥ ಕೆಲವು ಎಂಜಿನ್ನುಗಳು ಇದಕ್ಕೆ ಉಲ್ಟಾ ತಿರುಗುತ್ತವೆ. ತಿರುಗಿಸುತ್ತ ಹೋದಂತೆ ಕ್ಯಾಮ್ ಪುಲ್ಲಿಯ ಅಂಚಿನ ಗುರುತು ಅದರ ಮೇಲಿನ ‘ವಿ’ ಆಕಾರದ ಕಚ್ಚಿಗೆ ಎದುರಾಗುತ್ತದೆ. ಅದೇ ಹೊತ್ತಿಗೆ ಕ್ರ್ಯಾಂಕಿನ ಹಲ್ಲಿನ ಪುಲ್ಲಿಯ ಮೇಲಿನ ಚುಕ್ಕೆ ಆಯಿಲ್ ಪಂಪ್ ಮೈಯ ಮೇಲಿರುವ ಬಾಣದ ಗುರುತಿಗೆ ಎದುರಾಗಬೇಕು. ಮೆಕ್ಯಾನಿಕ್ಕುಗಳು ಟೈಮಿಂಗ್ ಸೇರಿಸುವುದು ಎನ್ನುವುದು ಇದಕ್ಕೇ. ಗ್ರೀಸು ಧೂಳು ಸೇರಿ ಗುರುತುಗಳು ಮುಚ್ಚಿಹೋಗಿರುತ್ತವೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ, ನಾಲ್ಕೂ ಗುರುತುಗಳಿಗೆ ಬಿಳಿ ಬಣ್ಣದ ಗೆರೆ ಎಳೆದುಕೊಳ್ಳಬೇಕು. ಕ್ರ್ಯಾಂಕಿನ ಕೀಲಿಗಚ್ಚನ್ನೇ ಗುರುತೆಂದು ತಪ್ಪು ತಿಳಿಯುವವರಿದ್ದಾರೆ, ಚುಕ್ಕೆಯನ್ನು ಹುಡುಕಿಯೇ ನಂಬಬೇಕು. ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದಿಟ್ಟುಕೊಂಡರೆ ಸಂಜೆಯ ಹೊತ್ತಿಗೆ ಬರುವ ಅನುಮಾನಗಳಿಗೆ ಉತ್ತರ ಸಿಗುತ್ತದೆ.

ಬೆಲ್ಟ್ ಕಳಚುವ ಮುಂಚೆ ಇನ್ನೊಂದು ಕೆಲಸವಿದೆ, ಅವಸರದಲ್ಲಿ ಬಹಳ ಮಂದಿ ಬಿಡುವುದು ಇದನ್ನೇ. ಮೇಲಿನ ಟ್ಯಾಪೆಟ್ ಕವರ್ ತೆಗೆದು, ವಾಲ್ವುಗಳನ್ನು ಒತ್ತುವ ಎಲ್ಲ ರಾಕರುಗಳ ಅಡ್ಜಸ್ಟಿಂಗ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಬೇಕು. ವಾಲ್ವಿನ ಸ್ಪ್ರಿಂಗುಗಳು ಸದಾ ಕ್ಯಾಮನ್ನು ಒಂದು ಕಡೆಗೆ ತಳ್ಳುತ್ತಿರುತ್ತವೆ. ಸ್ಕ್ರೂ ಸಡಿಲಿಸದಿದ್ದರೆ ಬೆಲ್ಟ್ ತೆಗೆದ ಗಳಿಗೆಗೆ ಕ್ಯಾಮ್ ತಾನೇ ಜಿಗಿದು ಗುರುತು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸ ಬೆಲ್ಟ್ ಹಾಕಿದಾಗ ವಾಲ್ವ್ ಸ್ಪ್ರಿಂಗಿನ ಬಲ ಟೆನ್ಷನರ್ ಸ್ಪ್ರಿಂಗಿನ ಬಲದ ಜತೆ ಬೆರೆತು ಬೆಲ್ಟಿನ ಬಿಗಿತ ಸುಳ್ಳಾಗುತ್ತದೆ. ಕ್ಯಾಮ್ ಬೆರಳಿನಲ್ಲಿ ಹಗುರವಾಗಿ ಅಲುಗುವಂತಿದ್ದರೆ ಮಾತ್ರ ಟೆನ್ಷನರ್ ತನ್ನ ಪಾಲಿನ ಬಿಗಿತವನ್ನು ಸರಿಯಾಗಿ ಕೊಡಬಲ್ಲದು. ಸುಜುಕಿಯ ವರ್ಕ್‌ಶಾಪ್ ಪುಸ್ತಕ ಈ ಹಂತಕ್ಕೆ ಅಷ್ಟು ಒತ್ತು ಕೊಡುವುದು ಈ ಕಾರಣಕ್ಕೆ.

ಆಮೇಲೆ ಟೆನ್ಷನರಿನ ಬೋಲ್ಟನ್ನೂ ಸ್ಟಡ್ಡಿನ ನಟ್ಟನ್ನೂ ಸಡಿಲಿಸಿ, ಟೆನ್ಷನರನ್ನು ಬೆಲ್ಟಿನಿಂದ ಆಚೆಗೆ ಸರಿಸಿದರೆ ಹಳೆಯ ಬೆಲ್ಟ್ ಕೈಗೆ ಬರುತ್ತದೆ. ಅದರ ಮೇಲೆ ಆಯಿಲ್ ಮೆತ್ತಿದ್ದರೆ ಯಾವ ಸೀಲಿನಿಂದ ಬಂದಿದೆ ಎಂದು ನೋಡಿ ಆ ಸೀಲ್ ಬದಲಿಸಿಯೇ ಮುಂದುವರಿಯಬೇಕು. ಸೋರುವ ಸೀಲಿನ ಕೆಳಗೆ ಹೊಸ ಬೆಲ್ಟ್ ಹಾಕುವುದು ದುಡ್ಡನ್ನು ಚರಂಡಿಗೆ ಎಸೆದಂತೆ. ಟೆನ್ಷನರ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿದಾಗ ಗರಗರ ಅನ್ನಬಾರದು, ಅಲುಗಲೂಬಾರದು. ಕ್ರ್ಯಾಂಕ್ ಪುಲ್ಲಿಯ ಕೀಲಿ ಬಿಗಿಯಾಗಿದೆಯೇ ಎಂದೂ ನೋಡಬೇಕು, ಕೀಲಿ ಸಡಿಲವಾದರೆ ಗುರುತುಗಳು ಕೂಡಿದರೂ ಟೈಮಿಂಗ್ ಕೂಡುವುದಿಲ್ಲ. ಬೆಲ್ಟ್ ಇಲ್ಲದ ಹೊತ್ತಿನಲ್ಲಿ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ಮನೆ ತಿರುಗಿಸಬಾರದು. ಜಿಪ್ಸಿಯಲ್ಲಿ ಅದು ಬರೀ ತಲೆನೋವು, ಪಿಸ್ಟನ್ ತಾಗುವ ಎಂಜಿನ್ನಿನಲ್ಲಿ ಅದರಿಂದಲೇ ವಾಲ್ವ್ ಬೆಂಡಾಗುತ್ತದೆ.

ಹೊಸ ಬೆಲ್ಟಿನ ಬೆನ್ನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೆ ಮುಖ ಮಾಡಿರಬೇಕು. ಮೊದಲು ಕ್ರ್ಯಾಂಕ್ ಪುಲ್ಲಿಗೆ ಹಾಕಿ, ಎದುರು ನಿಂತವರ ಬಲಗಡೆಯ ಎಳೆ ಸಡಿಲವಿಲ್ಲದಂತೆ ಎಳೆದುಕೊಂಡೇ ಕ್ಯಾಮ್ ಪುಲ್ಲಿಯ ಮೇಲೆ ಏರಿಸಬೇಕು. ಕ್ರ್ಯಾಂಕ್ ಜಗ್ಗುವುದು ಈ ಎಳೆಯನ್ನು. ಅಲ್ಲಿ ಸ್ವಲ್ಪ ಸಡಿಲ ಉಳಿದರೂ ಎಂಜಿನ್ ತಿರುಗಿದ ಕೂಡಲೇ ಕ್ಯಾಮ್ ಹಿಂದೆ ಬೀಳುತ್ತದೆ. ಉಳಿದ ಸಡಿಲವೆಲ್ಲ ಟೆನ್ಷನರಿನ ಕಡೆಗೆ ಹೋಗಬೇಕು. ಬೆಲ್ಟ್ ಏರುತ್ತಿಲ್ಲವೆಂದು ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡವೇ ಬೇಡ. ಗಾಜಿನ ನಾರು ಮುರಿದದ್ದು ಹೊರಗೆ ಕಾಣುವುದಿಲ್ಲ, ಮುಂದೆ ಎಲ್ಲೋ ಘಾಟಿಯಲ್ಲಿ ಗೊತ್ತಾಗುತ್ತದೆ. ಏರದಿದ್ದರೆ ಟೆನ್ಷನರ್ ಪೂರ್ತಿ ಹಿಂದೆ ಸರಿದಿಲ್ಲ, ಇಲ್ಲವೇ ಬೆಲ್ಟೇ ಬೇರೆ ಗಾಡಿಯದು.

ಬೆಲ್ಟ್ ಕೂತ ಮೇಲೆ ಟೆನ್ಷನರನ್ನು ಸ್ಪ್ರಿಂಗಿನ ಪಾಡಿಗೆ ಬಿಟ್ಟು, ಬೋಲ್ಟು ನಟ್ಟುಗಳನ್ನು ಕೈಯಲ್ಲಷ್ಟೇ ತಿರುಗಿಸಿ ನಿಲ್ಲಿಸಬೇಕು. ಈಗ ಕ್ರ್ಯಾಂಕನ್ನು ಅದೇ ದಿಕ್ಕಿನಲ್ಲಿ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎರಡೇ ಏಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸಿ ತನ್ನ ಗುರುತಿಗೆ ಮರಳಲು ಅಷ್ಟು ಬೇಕು. ಈ ಸುತ್ತಿನಲ್ಲಿ ಬೆಲ್ಟಿನ ಸಡಿಲವೆಲ್ಲ ಟೆನ್ಷನರಿಗೆ ಸರಿದು ಬಿಗಿತ ತಾನೇ ಸಮನಾಗುತ್ತದೆ. ಗುರುತುಗಳು ನಾಲ್ಕೂ ಮತ್ತೆ ಎದುರುಬದುರಾದರೆ ಮೊದಲು ಸ್ಟಡ್ಡಿನ ನಟ್ಟನ್ನು, ಆಮೇಲೆ ಟೆನ್ಷನರ್ ಬೋಲ್ಟನ್ನು ಪುಸ್ತಕ ಹೇಳಿದ ಟಾರ್ಕಿಗೆ ಬಿಗಿಯಬೇಕು. ಅರ್ಧ ಹಲ್ಲಿನಷ್ಟೇ ವ್ಯತ್ಯಾಸ ಕಂಡರೂ ಬೆಲ್ಟ್ ತೆಗೆದು ಮತ್ತೆ ಮೊದಲಿನಿಂದ ಹಾಕಬೇಕು. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಯಾವುದೇ ಎಂಜಿನ್ನಿನಲ್ಲಿ ಈ ಕೈಸುತ್ತು ಬಿಟ್ಟು ನೇರ ಸೆಲ್ಫ್ ಹೊಡೆಯುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಕೈಯ ಬಲಕ್ಕೆ ವಾಲ್ವ್ ತಡೆದು ನಿಲ್ಲುತ್ತದೆ, ಸ್ಟಾರ್ಟರ್ ಮೋಟಾರಿನ ಬಲಕ್ಕೆ ಬೆಂಡಾಗುತ್ತದೆ.

ಸಡಿಲಿಸಿದ ರಾಕರ್ ಸ್ಕ್ರೂಗಳನ್ನು ಫೀಲರ್ ಗೇಜಿನಿಂದ ಪುಸ್ತಕದಲ್ಲಿರುವ ತಣ್ಣನೆಯ ಎಂಜಿನ್ನಿನ ಅಳತೆಗೆ ಹೊಂದಿಸಿ, ಬಿಚ್ಚಿದ್ದನ್ನೆಲ್ಲ ಹಿಮ್ಮುಖ ಕ್ರಮದಲ್ಲಿ ಕೂಡಿಸುತ್ತ ಬಂದರೆ ಕೆಲಸ ಮುಗಿಯುವ ಹಂತಕ್ಕೆ ಬರುತ್ತದೆ. ಬೆಲ್ಟಿನ ಮುಚ್ಚಳವನ್ನು ಅದರ ರಬ್ಬರ್ ಅಂಚಿನ ಸಮೇತ ಹಾಕಬೇಕು. ಜಿಪ್ಸಿ ಮಣ್ಣು ನೀರಿನಲ್ಲಿ ಓಡುವ ಗಾಡಿ, ಒಳಗೆ ಹೊಕ್ಕ ಒಂದು ಸಣ್ಣ ಕಲ್ಲು ಬೆಲ್ಟನ್ನು ಹಲ್ಲಿನಿಂದ ಎತ್ತಿ ಹಾಕಬಲ್ಲದು. ಕೂಲೆಂಟ್ ತುಂಬಿ, ಪ್ಲಗ್ಗು ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಹಿಂದಿನಂತೆಯೇ ನಯವಾಗಿ ಓಡಬೇಕು. ಸೀಟಿಯಂಥ ಸದ್ದು ಬಂದರೆ ಬೆಲ್ಟ್ ಅತಿ ಬಿಗಿಯಾಗಿದೆ, ಮುಚ್ಚಳಕ್ಕೆ ಪಟಪಟ ಬಡಿದರೆ ಸಡಿಲವಾಗಿದೆ. ಎರಡರಲ್ಲೂ ಆಫ್ ಮಾಡಿ ಬಿಚ್ಚಿ ನೋಡುವುದೊಂದೇ ದಾರಿ. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮ್ ಶಾಫ್ಟೇ ಆದ್ದರಿಂದ, ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಟೈಮಿಂಗನ್ನೂ ಒಮ್ಮೆ ನೋಡಬೇಕು. ಹಳೆಯ ಬೆಲ್ಟ್ ಸವೆದು ಸಡಿಲಾಗಿದ್ದಾಗ ಹೊಂದಿಸಿದ ಟೈಮಿಂಗ್ ಹೊಸ ಬೆಲ್ಟಿಗೆ ಒಂದೆರಡು ಡಿಗ್ರಿ ಆಚೀಚೆ ಆಗಿರುತ್ತದೆ.

ಕೆಲಸ ಮುಗಿದ ದಿನ, ಮೀಟರಿನಲ್ಲಿದ್ದ ಕಿಲೋಮೀಟರ್ ಮತ್ತು ಬೆಲ್ಟಿನ ಕಂಪನಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ, ಬಿಲ್ಲನ್ನು ಆರ್‌ಸಿ ಜತೆ ಇಡಬೇಕು. ಟಿ-ಬೆಲ್ಟ್ ದೀಪವಿರುವ ಗಾಡಿಯಾದರೆ ಅದನ್ನು ರೀಸೆಟ್ ಮಾಡಬೇಕು, ಇಲ್ಲದಿದ್ದರೆ ಮುಂದಿನ ಗಡುವಿನ ಎಣಿಕೆ ಶುರುವಾಗುವುದಿಲ್ಲ. ಸ್ಪ್ರಿಂಗ್ ಟೆನ್ಷನರಿನ ಜಿಪ್ಸಿ ಎಂಜಿನ್ನಿನಲ್ಲಿ ಬೆಲ್ಟನ್ನು ನಡುವೆ ಮತ್ತೆ ಬಿಗಿ ಮಾಡುವ ಕೆಲಸವಿಲ್ಲ. ಆಯಿಲ್ ಬದಲಿಸುವಾಗ ಮುಚ್ಚಳದ ಕೆಳಗಂಚಿನಲ್ಲಿ ಆಯಿಲ್ಲೋ ಕೂಲೆಂಟೋ ಜಿನುಗಿದೆಯೇ ಎಂದು ನೋಡುತ್ತಿದ್ದರೆ ಸಾಕು.